ಪರದೆಯೊಳಗೆ ಗಾಳಿ ಇದೆಯೇ

ಜಡಿಗೇನಹಳ್ಳಿ
18 ಜೂನ್ 2025

ಪೂಜ್ಯ ವೆಂಕಟರಮಣಪ್ಪ ಮೇಷ್ಟ್ರಿಗೆ,

ಬಿಂದುಶ್ರೀಯ ನಮಸ್ಕಾರಗಳು. ಯಾವ ಬಿಂದುಶ್ರೀ ಎಂದು ನೀವು ಹುಬ್ಬು ಗಂಟಿಕ್ಕುವುದು ಇಲ್ಲಿಂದಲೇ ಕಾಣುತ್ತಿದೆ. ಹಾಲಿನ ಡೈರಿ ಹಿಂದಿನ ಮನೆಯ ಅಮ್ಮಯಮ್ಮನ ಮಗಳು, ಸಾರ್. ಎಂಟರಿಂದ ಹತ್ತರವರೆಗೆ ನಿಮ್ಮ ಹತ್ತಿರ ವಿಜ್ಞಾನ ಕಲಿತವಳು. ನೀವು ನಿವೃತ್ತರಾಗಿ ಊರು ಬಿಟ್ಟಾಗ ನಾನು ಹೊಸಕೋಟೆಗೆ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುತ್ತಿದ್ದೆ. ಈಗ ನೀವು ಪಾಠ ಮಾಡಿದ ಅದೇ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ವರ್ಗವಾಗಿ ಬಂದಿದ್ದೇನೆ.

ಈ ಸುದ್ದಿಯನ್ನು ಬಾಯಲ್ಲೇ ಹೇಳಬೇಕೆಂದು ಫೋನು ಮಾಡಿದೆ. ಪ್ರತಿ ಸಲವೂ ನಿಮ್ಮ ಮನೆಯವರು ಅಕ್ಕಯಮ್ಮನವರೇ ಎತ್ತಿಕೊಂಡು ನೀವು ಹೊರಗೆ ಹೋಗಿದ್ದೀರಿ ಎಂದರು. ಕೊನೆಗೆ ಅವರಿಗೇ ಬೇಜಾರಾಯಿತೇನೋ, "ಒಂದು ಕಾಗದ ಬರ್ದಾಕಮ್ಮ, ಕಾಗದ ಅಂದ್ರೆ ಕೂತ್ಕೊಂಡು ಓದ್ತಾರೆ" ಅಂದರು. ಹಾಗಾಗಿ ಇದು.

ಶಾಲೆಗೆ ಒಂದು ಕಂಪನಿಯವರು ಲ್ಯಾಪ್‌ಟಾಪುಗಳನ್ನು ಕೊಟ್ಟಿದ್ದಾರೆ. ಹೆಡ್ಮೇಷ್ಟ್ರು ಮುನಿರಾಮಯ್ಯನವರು ಬೀಗ ಹಾಕಿ ಇಟ್ಟಿದ್ದರು, ನಾನು ಕಾಡಿ ಬೇಡಿ ತೆಗೆಸಿದೆ. ಅವುಗಳಲ್ಲಿ ಸಿಮ್ಯುಲೇಶನ್ ಎಂಬ ಆಟದಂಥ ಪ್ರಯೋಗಗಳಿವೆ. ಪರದೆಯ ಮೇಲೆ ಲೋಲಕ ತೂಗುತ್ತದೆ. ದಾರ ಉದ್ದ ಮಾಡಬಹುದು, ಗುಂಡಿನ ತೂಕ ಬದಲಿಸಬಹುದು, ಬೇಕೆಂದರೆ ಚಂದ್ರನ ಮೇಲೆ ಒಯ್ದು ತೂಗಿಸಬಹುದು. ನೀವು ಕಿಟಕಿಯ ಸರಳಿಗೆ ದಾರ ಕಟ್ಟಿ, ಕಲ್ಲನ್ನು ಪಕ್ಕಕ್ಕೆಳೆದು ಹಿಡಿದುಕೊಂಡು, "ಬಿಟ್ರೆ ಏನಾಗುತ್ತೆ, ಹೇಳ್ರಪ್ಪ" ಎಂದು ನಿಂತುಬಿಡುತ್ತಿದ್ದಿರಿ. ಯಾರಾದರೂ ಊಹೆ ಹೇಳುವವರೆಗೂ ಕಲ್ಲು ನಿಮ್ಮ ಕೈಬಿಡುತ್ತಿರಲಿಲ್ಲ. ಆ ನಿಶ್ಶಬ್ದದಲ್ಲಿ ನನ್ನ ಎದೆ ಡವಡವ ಅನ್ನುತ್ತಿದ್ದದ್ದು ಇನ್ನೂ ನೆನಪಿದೆ. ಈ ಯಂತ್ರದಲ್ಲಿ ಅದನ್ನೇ ಮಾಡಬೇಕೆಂಬುದು ನನ್ನ ಆಸೆ. ಮಕ್ಕಳು ಉತ್ತರ ಬರೆದುಕೊಳ್ಳುವುದಲ್ಲ, ಯೋಚನೆ ಮಾಡಬೇಕು.

ನೀವೊಂದು ದಿನ ಬಂದು ನನ್ನ ತರಗತಿಯಲ್ಲಿ ನಿಲ್ಲಬೇಕು, ಸಾರ್. ಕೂತು ನೋಡಿದರೆ ಸಾಲದು, ನೀವೇ ಪ್ರಶ್ನೆ ಕೇಳಬೇಕು. ಅದಾಗುವವರೆಗೂ ನಾನು ಈ ಶಾಲೆಯ ಟೀಚರೆಂದು ನನಗೇ ಅನ್ನಿಸುವುದಿಲ್ಲ.

ನಿಮ್ಮ
ಬಿಂದುಶ್ರೀ

ಹೊಸಪೇಟೆ
9 ಜುಲೈ 2025

ಚಿ. ಬಿಂದುಶ್ರೀಗೆ ಆಶೀರ್ವಾದಗಳು.

ಅಮ್ಮಯಮ್ಮನ ಮಗಳು ಅಂದ ಕೂಡಲೇ ನೆನಪಾಯಿತು. ನಿಜ ಹೇಳಬೇಕೆಂದರೆ ಮೊದಲು ನೆನಪಾದದ್ದು ನಿಮ್ಮಮ್ಮ ಮಾರ್ಗಶಿರದಲ್ಲಿ ಕಳಿಸುತ್ತಿದ್ದ ಸೊಗಡಿನ ಅವರೆಕಾಯಿ. ಇಲ್ಲಿ ಸಿಗುವುದು ಹೆಸರಿಗೆ ಅವರೆ. ಮಗಳು ಮಮತಳಿಗೆ ನೀರಾವರಿ ಕಚೇರಿಯ ಕೆಲಸ ಇಲ್ಲೇ ಆದ್ದರಿಂದ ನಾವೂ ಬಂದು ಅವಳ ಜೊತೆ ಬಿಸಿಲು ಕಾಯುತ್ತಿದ್ದೇವೆ. ನಿಮ್ಮೂರಿನ ಬೆಳಗಿನ ಮಂಜು, ರಾಗಿ ಹೊಲದ ವಾಸನೆ, ಎಂಟೂವರೆ ಬಸ್ಸಿಳಿದು ಬರುವ ಮಕ್ಕಳ ಗದ್ದಲ ಇವೆಲ್ಲ ಕಣ್ಣಿಗೆ ಕಟ್ಟಿದ ಹಾಗಿವೆ.

ನೀನು ಟೀಚರಾದದ್ದು ಸಂತೋಷ. ಆದರೆ ಆ ಬೊಂಬೆಯಾಟ ನನಗೆ ಹಿಡಿಸಲಿಲ್ಲ. ನಮ್ಮ ಕಾಲದಲ್ಲಿ ತಂತಿ ಜೋಡಿಸಿದರೆ ಬಲ್ಬು ಹತ್ತುತ್ತಲೇ ಇರಲಿಲ್ಲ. ಹತ್ತದೆ ಇದ್ದಾಗಲೇ ಪಾಠ ಶುರುವಾಗುತ್ತಿದ್ದದ್ದು. ಸೆಲ್ಲು ಸತ್ತಿದೆಯೋ, ತಂತಿ ಹರಿದಿದೆಯೋ, ಹೋಲ್ಡರಿಗೆ ತುಕ್ಕು ಹಿಡಿದಿದೆಯೋ ಎಂದು ಮಕ್ಕಳು ತಲೆ ಕೆರೆದುಕೊಳ್ಳುತ್ತಿದ್ದರಲ್ಲ, ಅದು ಯೋಚನೆ. ನಿನ್ನ ಪರದೆಯಲ್ಲಿ ಎಲ್ಲ ಬಲ್ಬುಗಳೂ ಹತ್ತುತ್ತವೆ. ಹತ್ತಿದ ಬಲ್ಬನ್ನು ನೋಡಿ ಯಾಕೆ ಎಂದು ಕೇಳಲು ಯಾರಿಗೆ ಏನು ಬಂದಿದೆ?

ಲೋಲಕದ ಪ್ರಯೋಗದಲ್ಲಿ ಪುಸ್ತಕದಲ್ಲಿರುವ ಅಂಕಿಯನ್ನೇ ತಂದವರ ರೆಕಾರ್ಡನ್ನು ನಾನು ವಾಪಸ್ ಎಸೆಯುತ್ತಿದ್ದೆ. ಮನೆಯಲ್ಲಿ ಅಕ್ಕನ ಹಳೇ ರೆಕಾರ್ಡು ನೋಡಿ ಬರೆದಿದ್ದಾರೆ ಎಂದು ಗೊತ್ತಾಗುತ್ತಿತ್ತು. ತಪ್ಪು ಬಂದರೂ ತಾನೇ ಅಳೆದದ್ದನ್ನು ಬರೆದವರಿಗೆ ಪೂರ್ತಿ ಅಂಕ. ಈಗ ಯಂತ್ರವೇ ಎಲ್ಲರಿಗೂ ಪುಸ್ತಕದ ಅಂಕಿ ಕೊಡುತ್ತದೆ ಅನ್ನು. ಬರಲಾಗುವುದಿಲ್ಲ ಬಿಂದು. ನನ್ನಂಥ ಹಳೇ ಕಾಲದವನು ಆ ಕೋಣೆಯಲ್ಲಿ ಏನು ಮಾಡಲಿ?

ಇಂತಿ
ವೆಂಕಟರಮಣಪ್ಪ

ಜಡಿಗೇನಹಳ್ಳಿ
20 ಆಗಸ್ಟ್ 2025

ಪೂಜ್ಯ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಒಂದು ವಾರ ಮುಖ ಊದಿಸಿಕೊಂಡಿದ್ದೆ. ನೀವು ಹೇಳಿದ್ದು ಸುಳ್ಳೆಂದು ತೋರಿಸಬೇಕೆಂದು ಹಟವೂ ಬಂತು. ಆದರೆ ಈಗ ಬರೆಯುತ್ತಿರುವುದು ಸೋಲಿನ ಕಥೆ.

ಒಂಬತ್ತನೇ ತರಗತಿಯವರನ್ನು ಲೋಲಕದ ಮುಂದೆ ಕೂರಿಸಿದೆ. ದಾರದ ಉದ್ದಕ್ಕೂ ತೂಗುವ ಸಮಯಕ್ಕೂ ಏನು ಸಂಬಂಧ ಎಂದು ಕಂಡುಹಿಡಿದು ರೆಕಾರ್ಡಿನಲ್ಲಿ ಬರೆಯಿರಿ ಎಂದೆ. ನಾನು ಆ ಕಡೆ ಒಂದು ಯಂತ್ರ ಸರಿಮಾಡುತ್ತಿದ್ದಾಗ ಕೋಣೆಯಲ್ಲಿ ಇದ್ದಕ್ಕಿದ್ದ ಹಾಗೆ ಸೆಕೆಯಾಗತೊಡಗಿತು. ನೋಡಿದರೆ ಮಂಜೇಶ್ ಎಂಬ ಹುಡುಗ ಎದ್ದು ಫ್ಯಾನು ಆರಿಸಿದ್ದಾನೆ. ಯಾಕಪ್ಪಾ ಎಂದರೆ, "ಗಾಳಿಗೆ ಲೋಲಕ ಅಲ್ಲಾಡ್ಬಿಡತ್ತೆ ಮಿಸ್, ಮುನ್ನೆಚ್ಚರಿಕೆ" ಅಂದ.

ಪರದೆಯೊಳಗಿನ ಲೋಲಕಕ್ಕೆ, ಸಾರ್! ಉಳಿದವರು ಯಾರೂ ನಗಲಿಲ್ಲ, ಅದೇ ನನಗೆ ಭಯವಾದದ್ದು. ಸಂಜೆ ರೆಕಾರ್ಡು ತೆಗೆದು ನೋಡಿದರೆ ಇಡೀ ತರಗತಿ ಬರೆದಿದೆ: ಪ್ರಯೋಗದ ವೇಳೆ ಫ್ಯಾನು ಆರಿಸಬೇಕು, ದಾರಕ್ಕೆ ಗಂಟು ಇರಬಾರದು, ಗುಂಡು ಗೋಡೆಗೆ ತಾಗಬಾರದು. ಎಲ್ಲವೂ ಹಿಂದಿನ ವರ್ಷದವರ ರೆಕಾರ್ಡಿನಿಂದ ಇಳಿಸಿದ್ದು. ಇಲ್ಲದ ದಾರಕ್ಕೆ ಇಲ್ಲದ ಗಂಟು. ಮಾರನೇ ದಿನ ಎಲ್ಲರಿಗೂ ಚೆನ್ನಾಗಿ ಬೈದೆ. ಮುನಿರಾಮಯ್ಯನವರು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಹೇಳಿಕೊಂಡು ನಕ್ಕರು. ಲ್ಯಾಪ್‌ಟಾಪುಗಳನ್ನು ಮತ್ತೆ ಬೀಗಕ್ಕೆ ಹಾಕೋಣವೇ ಎಂದೂ ಕೇಳಿದರು.

ನೀವು ಮೂಗು ಮುರಿದದ್ದೇ ಸರಿಯಾಯಿತೇನೋ. ಆದರೂ ಕೇಳುತ್ತೇನೆ, ಒಂದು ಸಲ ಬನ್ನಿ. ನನಗೆ ಎಲ್ಲಿ ತಪ್ಪಿತು ಎಂದು ನಿಂತು ನೋಡಿ ಹೇಳುವವರು ಇಲ್ಲಿ ಯಾರೂ ಇಲ್ಲ.

ನಿಮ್ಮ
ಬಿಂದುಶ್ರೀ

ಹೊಸಪೇಟೆ
1 ಸೆಪ್ಟೆಂಬರ್ 2025

ಬಿಂದು,

ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಅಕ್ಕಯಮ್ಮ ಅಡುಗೆಮನೆಯಿಂದ ಓಡಿಬಂದಳು. ಅವಳಿಗೆ ಓದಿ ಹೇಳಿದರೆ "ಪಾಪ, ಮಗು ಒಳ್ಳೇದಕ್ಕೇ ಅಲ್ವಾ ಆರ್ಸಿದ್ದು" ಅಂದಳು. ಅವಳು ನಿನಗಿಂತ ಒಳ್ಳೇ ಟೀಚರು.

ಬೈದದ್ದು ಯಾಕೆ? ಕೈಗೆ ಬಂದ ಪ್ರಶ್ನೆಯನ್ನು ಚೆಲ್ಲಿಬಿಟ್ಟೆಯಲ್ಲ. ಆ ಪರದೆಯೊಳಗೆ ಗಾಳಿ ಇದೆಯೇ ಇಲ್ಲವೇ? ನಿನಗೆ ಹೇಗೆ ಗೊತ್ತು? ಇಲ್ಲ ಎಂದು ನೀನು ನಂಬಿದ್ದೀಯ, ಇದೆ ಎಂದು ಅವನು ನಂಬಿದ್ದಾನೆ. ಇಬ್ಬರೂ ಅಳೆದು ನೋಡಿಲ್ಲ. ನಾಳೆಯೇ ಹೋಗಿ ಮಂಜೇಶನ ಹತ್ತಿರ ಕೇಳು: ನೀನು ಹೇಳಿದ್ದು ನಿಜವೇ ಅಂತ ತೋರಿಸೋಕೆ ಏನು ಮಾಡಬೇಕಪ್ಪಾ ಎಂದು. ಕೇಳಿ ಸುಮ್ಮನಿರು. ಗಂಟಲು ತುರಿಸಿದರೂ ಸುಮ್ಮನಿರು.

ಪಾಠ ಶುರುವಾಗುವುದಕ್ಕೆ ತುಕ್ಕು ಹಿಡಿದ ಹೋಲ್ಡರೇ ಬೇಕು ಎಂದುಕೊಂಡಿದ್ದೆ. ಫ್ಯಾನು ಆರಿಸುವ ಹುಡುಗನೂ ಆಗುತ್ತಾನೆ ಎಂದು ಈಗ ಗೊತ್ತಾಯಿತು.

ಬರುವ ಮಾತು ಬಿಡು. ಮಂಡಿ ನೋವು.

ಇಂತಿ
ವೆಂಕಟರಮಣಪ್ಪ

ಜಡಿಗೇನಹಳ್ಳಿ
26 ಅಕ್ಟೋಬರ್ 2025

ಪೂಜ್ಯ ಮೇಷ್ಟ್ರಿಗೆ,

ದಸರಾ ರಜೆಯೆಲ್ಲ ಸಮೀಕ್ಷೆಗೆಂದು ಮನೆ ಮನೆ ಸುತ್ತುವುದರಲ್ಲಿ ಹೋಯಿತು. ತಡವಾಗಿ ಬರೆಯುತ್ತಿದ್ದೇನೆ.

ನೀವು ಹೇಳಿದ ಹಾಗೇ ಮಂಜೇಶನನ್ನು ಕೇಳಿದೆ. ಅವನು ಇನ್ನೊಂದು ಬೈಗುಳ ಕಾಯುತ್ತಾ ನಿಂತ. ಆಮೇಲೆ ಮೆಲ್ಲಗೆ, ಫ್ಯಾನು ಹಾಕಿ ಒಂದು ಸಲ, ಆರಿಸಿ ಒಂದು ಸಲ ಅಳೆಯೋಣ ಅಂದ. ಅಳೆದರು. ಎರಡೂ ಒಂದೇ ಬಂತು. ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಆಗ ಸಂಘಮಿತ್ರ ಎಂಬ ಹುಡುಗಿ ಪರದೆಯ ಮೂಲೆಯಲ್ಲಿದ್ದ ಘರ್ಷಣೆ ಹೆಚ್ಚಿಸುವ ಗುಂಡಿಯನ್ನು ಸರಿಸಿದಳು. ಲೋಲಕ ಸೋತು ಸೋತು ನಿಲ್ಲತೊಡಗಿತು. "ಮಿಸ್, ಗಾಳಿ ಐತೆ. ಆದ್ರೆ ಯಾರೋ ಎಷ್ಟು ಬೇಕೋ ಅಷ್ಟೇ ಇಟ್ಟವ್ರೆ" ಅಂದಳು. ಹಾಗಾದರೆ ಏನನ್ನು ಇಟ್ಟಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂಬ ಹುಡುಕಾಟ ಶುರುವಾಯಿತು. ದಾರಕ್ಕೆ ತೂಕ ಇಟ್ಟಿಲ್ಲ ಎಂದು ಒಬ್ಬ, ಸದ್ದಿಲ್ಲ ಎಂದು ಇನ್ನೊಬ್ಬ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ನಾನು ಬೋರ್ಡಿಗೆ ಬೆನ್ನು ಒರಗಿಸಿ ನಿಂತು ನಿಮ್ಮನ್ನೇ ನೆನೆಯುತ್ತಿದ್ದೆ.

ಆ ಸಂತೋಷದಲ್ಲೇ ಅವತ್ತು ಫೋನು ಮಾಡಿದೆ. ಈ ಸಲ ನೀವೇ ಎತ್ತಿದಿರಿ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿ, ಈಗಲಾದರೂ ಯಾವಾಗ ಬರ್ತೀರ ಸಾರ್ ಎಂದು ಕೇಳಿದೆ. "ಊಟ ಆಯ್ತಮ್ಮ, ಎಲ್ಲಾ ಆರಾಮು" ಅಂದು ಇಟ್ಟುಬಿಟ್ಟಿರಿ.

ಆ ದಿನದಿಂದ ನನಗೆ ಸಮಾಧಾನವಿಲ್ಲ. ಮೊದಲು ಹಳೇ ಕಾಲದವನು ಅಂದಿರಿ, ಆಮೇಲೆ ಮಂಡಿನೋವು ಅಂದಿರಿ, ಈಗ ಊಟದ ಮಾತು. ಇದು ಕಂಪ್ಯೂಟರಿನ ಮೇಲಿನ ಸಿಟ್ಟೋ ನನ್ನ ಮೇಲಿನ ತಾತ್ಸಾರವೋ, ನೇರವಾಗಿ ಹೇಳಿಬಿಡಿ. ಇನ್ನು ಮೇಲೆ ಬನ್ನಿ ಎಂದು ಕೇಳುವುದಿಲ್ಲ. ಹೀಗೆ ಬರೆಯಲು ನನಗೂ ನೋವಾಗುತ್ತಿದೆ.

ಬಿಂದುಶ್ರೀ

ಹೊಸಪೇಟೆ
14 ಡಿಸೆಂಬರ್ 2025

ಮಗು ಬಿಂದು,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂರುವುದು, ಎದ್ದು ಹೋಗುವುದು, ಇದೇ ಆಯಿತು. ದೀಪಾವಳಿಯ ಬಿಸಿ ಆರಿ ಕಾರ್ತಿಕವೂ ಕಳೆದುಹೋಯಿತು. ಅಕ್ಕಯಮ್ಮ ದಿನಾ ಪೆನ್ನು ತಂದು ಮುಂದಿಡುತ್ತಿದ್ದಾಳೆ.

ನನಗೆ ಕಿವಿ ಕೇಳುವುದಿಲ್ಲ, ಬಿಂದು. ಇಲ್ಲಿಗೆ ಬಂದ ಮೇಲೆ ಒಂದೊಂದಾಗಿ ಹೋಯಿತು. ಮೊದಲು ಹಕ್ಕಿ, ಆಮೇಲೆ ಬಾಗಿಲು ಬಡಿಯುವುದು, ಆಮೇಲೆ ಮನುಷ್ಯರು. ಅಕ್ಕಯಮ್ಮ ಹೇಳುವುದು ಮಾತ್ರ ಅವಳ ತುಟಿ ನೋಡಿ ತಿಳಿಯುತ್ತದೆ. ಅವತ್ತು ಫೋನು ಮಿನುಗುವುದು ಕಂಡು ಎತ್ತಿಬಿಟ್ಟೆ, ನೀನು ಏನು ಹೇಳಿದೆಯೋ ಒಂದಕ್ಷರವೂ ಗೊತ್ತಾಗಲಿಲ್ಲ. ಸಾಮಾನ್ಯವಾಗಿ ಎಲ್ಲರೂ ಕೇಳುವುದು ಊಟವಾಯಿತೇ ಎಂದೇ ತಾನೇ, ಅದಕ್ಕೇ ಆ ಉತ್ತರ. ಕಿವಿಗೆ ಹಾಕಿಕೊಳ್ಳುವ ಯಂತ್ರ ಮಮತ ತಂದುಕೊಟ್ಟಳು. ಅದರಲ್ಲಿ ತಟ್ಟೆ ಲೋಟಗಳ ಸದ್ದು ಕಿವಿ ಕಿತ್ತುಹೋಗುವಷ್ಟು ಬರುತ್ತದೆ, ಮಾತು ಮಾತ್ರ ಬರುವುದಿಲ್ಲ.

ಇಲ್ಲಿನ ಒಂದು ಶಾಲೆಯವರು ಹೋದ ವರ್ಷ ಪಾಠಕ್ಕೆ ಕರೆದಿದ್ದರು. ಹೋಗಬಾರದಿತ್ತು. ದಾರಕ್ಕೆ ಕಲ್ಲು ಕಟ್ಟಿ, ಹಿಡಿದುಕೊಂಡು, ಏನಾಗುತ್ತೆ ಎಂದು ಕೇಳಿ ಕಾಯುತ್ತಾ ನಿಂತೆ. ಕಾದೆ. "ಯಾಕ್ರಪ್ಪಾ, ಯಾರಿಗೂ ಬಾಯಿ ಇಲ್ವಾ" ಅಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅವರು ಆಗಲೇ ಉತ್ತರ ಹೇಳುತ್ತಿದ್ದರಂತೆ, ಇಡೀ ತರಗತಿ ಕೂಗಿ ಕೂಗಿ ಹೇಳುತ್ತಿತ್ತಂತೆ. ಕಲ್ಲನ್ನು ಮೇಜಿನ ಮೇಲಿಟ್ಟು ಬಂದುಬಿಟ್ಟೆ. ಉತ್ತರ ಕೇಳಿಸಿಕೊಳ್ಳಲಾಗದವನು ಪ್ರಶ್ನೆ ಯಾವ ಮುಖ ಇಟ್ಟುಕೊಂಡು ಕೇಳಬೇಕು? ನನ್ನ ಕೈಯಲ್ಲಿದ್ದದ್ದು ಅದೊಂದೇ ವಿದ್ಯೆ. ನಿನ್ನ ಎದುರಿಗೆ ಅದೂ ಹೋಗುವುದು ಬೇಡ ಎಂದು ತಪ್ಪಿಸಿಕೊಂಡೆ. ನಿನ್ನ ಮೇಲೆ ತಾತ್ಸಾರವೆಂದು ತಿಳಿದೆಯಲ್ಲ, ಅದನ್ನು ಓದಿ ಕಣ್ಣಲ್ಲಿ ನೀರು ಬಂತು.

ಇನ್ನೊಂದು ವಿಷಯ. ನಿನ್ನ ಫ್ಯಾನಿನ ಕಾಗದ ಬಂದ ಮೇಲೆ ಮಮತಳಿಗೆ ಹೇಳಿ ಆ ಲೋಲಕವನ್ನು ಅವಳ ಕಂಪ್ಯೂಟರಿನಲ್ಲಿ ಹಾಕಿಸಿಕೊಂಡಿದ್ದೇನೆ. ಬೊಂಬೆಯಾಟ ಎಂದು ಬೈದವನು ಊಟಕ್ಕೆ ಕರೆದರೂ ಏಳುವುದಿಲ್ಲ. ಅದರಲ್ಲಿ ಹೆಸರಿಲ್ಲದ ಒಂದು ಗ್ರಹವಿದೆ, ನೋಡಿದೆಯಾ? ಅಲ್ಲಿನ ಸೆಳೆತ ಎಷ್ಟು ಎಂದು ಎಲ್ಲೂ ಬರೆದಿಲ್ಲ. ಅಳೆದೇ ತಿಳಿಯಬೇಕು. ಮಕ್ಕಳಿಗೆ ಅದನ್ನು ಕೊಡು. ಅಕ್ಕನ ರೆಕಾರ್ಡಿನಲ್ಲಿ ಆ ಗ್ರಹ ಇರುವುದಿಲ್ಲ.

ಇಂತಿ
ವೆಂಕಟರಮಣಪ್ಪ

ಜಡಿಗೇನಹಳ್ಳಿ
2 ಜನವರಿ 2026

ಸಾರ್,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ನನ್ನ ಸಿಟ್ಟಿನ ಮಾತಿಗೆ ಕ್ಷಮೆಯನ್ನು ನೀವು ಬಂದಾಗ ಎದುರಿಗೇ ಕೇಳುತ್ತೇನೆ.

ಹೌದು, ಬಂದಾಗ. ಕೇಳುವುದಿಲ್ಲ ಎಂದವಳು ಮತ್ತೆ ಕೇಳುತ್ತಿದ್ದೇನೆ. ನವೆಂಬರಿನಿಂದ ನನ್ನ ತರಗತಿಯಲ್ಲಿ ಯಾರೂ ಊಹೆಯನ್ನು ಬಾಯಲ್ಲಿ ಹೇಳುವುದಿಲ್ಲ. ಒಬ್ಬರು ಹೇಳಿದರೆ ಉಳಿದವರೆಲ್ಲ ಅದನ್ನೇ ಹೇಳುತ್ತಿದ್ದರು, ಅದಕ್ಕೆ ಎಲ್ಲರಿಗೂ ಸ್ಲೇಟು ಕೊಟ್ಟೆ. ಏನಾಗುತ್ತದೆ, ಯಾಕೆ ಎಂದು ಬರೆದು, ನಾನು ಕೈ ತೋರಿಸಿದಾಗ ಒಟ್ಟಿಗೆ ಎತ್ತಿ ಹಿಡಿಯಬೇಕು. ಆಮೇಲೆ ಲೋಲಕ ಬಿಡುವುದು. ಇದು ನಿಮಗಾಗಿ ಮಾಡಿದ ಉಪಾಯವಲ್ಲ, ನಿಮ್ಮ ವಿಷಯ ಗೊತ್ತಾಗುವ ಮೊದಲೇ ಮಾಡಿದ್ದು. ಮುನಿರಾಮಯ್ಯನವರನ್ನು ಕೇಳಿ ಬೇಕಾದರೆ.

ಹೆಸರಿಲ್ಲದ ಗ್ರಹವನ್ನು ನಾನೂ ನೋಡಿದ್ದೆ, ಮುಟ್ಟಲು ಧೈರ್ಯವಿರಲಿಲ್ಲ. ಮಕ್ಕಳು ಉತ್ತರಕ್ಕೆಂದು ಮುಖ ನೋಡಿದರೆ ನನ್ನ ಬಾಯಿ ನಿಲ್ಲುವುದಿಲ್ಲ, ಸುಳಿವು ಕೊಟ್ಟುಬಿಡುತ್ತೇನೆ. ಸುಮ್ಮನೆ ನಿಲ್ಲುವವರು ಬೇಕು. ಅದಕ್ಕೆ ಕಿವಿ ಬೇಡ, ಸಾರ್.

ನಿಮ್ಮ
ಬಿಂದುಶ್ರೀ

ಹೊಸಪೇಟೆ
19 ಜನವರಿ 2026

ಬಿಂದು,

ಫೆಬ್ರವರಿ ಎರಡನೇ ವಾರ ಬರುತ್ತೇವೆ. ಅಕ್ಕಯಮ್ಮ ನನ್ನನ್ನು ಕೇಳದೆ ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿಬಿಟ್ಟಿದ್ದಾಳೆ. ಮಕ್ಕಳಿಗೆ ದಪ್ಪಗೆ ಬರೆಯಲು ಹೇಳು. ಕಣ್ಣೂ ಹೊಸದಲ್ಲ.

ವೆಂಕಟರಮಣಪ್ಪ

ಹೊಸಪೇಟೆ
22 ಫೆಬ್ರವರಿ 2026

ಚಿ. ಬಿಂದುಶ್ರೀಗೆ,

ಸುಖವಾಗಿ ಬಂದು ತಲುಪಿದೆವು. ನಿಮ್ಮಮ್ಮ ಕಟ್ಟಿಕೊಟ್ಟ ಅವರೆಕಾಳನ್ನು ಅಕ್ಕಯಮ್ಮ ಲೆಕ್ಕ ಮಾಡಿ ಸಾರಿಗೆ ಹಾಕುತ್ತಿದ್ದಾಳೆ, ನಾನು ಕದ್ದು ತಿನ್ನುತ್ತಿದ್ದೇನೆ.

ಕೋಣೆಯ ಬಾಗಿಲಲ್ಲಿ ನಾನು ತಡವರಿಸಿ ನಿಂತದ್ದನ್ನು ನೀನು ನೋಡಿಯೂ ನೋಡದ ಹಾಗಿದ್ದೆ. ಈ ಗ್ರಹದಲ್ಲಿ ಲೋಲಕ ನಮ್ಮೂರಿಗಿಂತ ಬೇಗ ತೂಗುತ್ತದೋ ನಿಧಾನವೋ ಎಂದು ಕೇಳಿ, ಅಭ್ಯಾಸದ ಮೇಲೆ ಸುಮ್ಮನೆ ನಿಂತೆ. ನನಗೆ ಅಲ್ಲಿ ಯಾವ ಸದ್ದೂ ಇರಲಿಲ್ಲ. ನೀನು ಕೈ ತೋರಿಸಿದೆ. ಇಡೀ ತರಗತಿಯ ಸ್ಲೇಟುಗಳು ಒಟ್ಟಿಗೆ ಎದ್ದವು.

ಅದನ್ನು ಹೇಗೆ ಬರೆಯಲಿ? ಬೇಗ, ನಿಧಾನ, ತೂಗುವುದೇ ಇಲ್ಲ, ಗ್ರಹ ದೊಡ್ಡದಾದ್ರೆ ಬೇಗ ಸಾರ್. ಮಂಜೇಶನದು ಎಷ್ಟು ದೊಡ್ಡ ಅಕ್ಷರವೆಂದರೆ ಸ್ಲೇಟು ಸಾಲದೆ ಪಕ್ಕದವನ ಸ್ಲೇಟಿಗೂ ಹೋಗಿತ್ತು. ಹಿಂದೆ ಒಬ್ಬಳು ಹುಡುಗಿ, ನೀಲಿ ರಿಬ್ಬನ್ನಿನವಳು, ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದಳು. ಅದರಲ್ಲಿ ಬರೆದದ್ದು: "ಈಗ್ಲೇ ಹೇಳಕ್ಕಾಗಲ್ಲ. ಮೊದ್ಲು ನಮ್ಮೂರಲ್ಲಿ ಎಷ್ಟು ಅಂತ ಅಳೀಬೇಕು." ಅವಳು ತರಗತಿಯಲ್ಲಿ ಬಾಯೇ ಬಿಡುವುದಿಲ್ಲ ಎಂದು ನೀನು ಆಮೇಲೆ ಬರೆದು ತೋರಿಸಿದೆ.

ನನ್ನ ಕಿವಿ ಗಟ್ಟಿಯಾಗಿದ್ದ ಕಾಲದಲ್ಲಿ ಆ ಹುಡುಗಿ ನನಗೆ ಕೇಳಿಸುತ್ತಿರಲಿಲ್ಲ, ಬಿಂದು. ನಾನು ಕಲ್ಲು ಹಿಡಿದು ಕಾಯುತ್ತಿದ್ದೆ, ನಿಜ. ಮುಂದಿನ ಸಾಲಿನ ಯಾರೋ ಒಬ್ಬರು ಹೇಳಿದ ಕೂಡಲೇ ಬಿಟ್ಟುಬಿಡುತ್ತಿದ್ದೆ. ಎಲ್ಲರ ಊಹೆಯೂ ಒಟ್ಟಿಗೆ ಕಣ್ಣಿಗೆ ಬಿದ್ದದ್ದು ಈ ವಯಸ್ಸಿನಲ್ಲಿ, ನಿನ್ನ ತರಗತಿಯಲ್ಲಿ. ನೀನು ಕಲಿಸುವುದು ಸರಿಯಾಗಿದೆ. ನನಗಿಂತ ಚೆನ್ನಾಗಿದೆ. ಹೊಗಳಿಕೆ ಅಂದುಕೊಳ್ಳಬೇಡ, ನೋಡಿದ್ದನ್ನು ಹೇಳುತ್ತಿದ್ದೇನೆ.

ರೈಲಿನಲ್ಲಿ ದಾರಿಯುದ್ದಕ್ಕೂ ನಿನ್ನನ್ನೇ ನೆನಪು ಮಾಡಿಕೊಂಡೆ. ಮೂರು ವರ್ಷ ನನ್ನ ಎದುರಿಗೆ ಕೂತಿದ್ದೆ. ನಿನ್ನ ಒಂದು ಉತ್ತರವಾದರೂ ನೆನಪಿಗೆ ಬರಲಿಲ್ಲ. ಎದೆ ಡವಡವ ಅನ್ನುತ್ತಿತ್ತು ಎಂದು ಬರೆದಿದ್ದೆಯಲ್ಲ, ಹಾಗಾದರೆ ಒಳಗೆ ಏನೋ ಊಹೆ ಇತ್ತು. ಏನಿತ್ತು? ಈಗ ಹೇಳು.

ಇಂತಿ
ವೆಂಕಟರಮಣಪ್ಪ

ಜಡಿಗೇನಹಳ್ಳಿ
3 ಮಾರ್ಚ್ 2026

ಸಾರ್,

ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ಒಂದು ದಿನ ನೀವು ಕಲ್ಲು ತೂಗುವುದು ಯಾವಾಗ ನಿಲ್ಲುತ್ತದೆ ಎಂದು ಕೇಳಿದಿರಿ. ಐದು ನಿಮಿಷ ಎಂದು ಯಾರೋ ಕೂಗಿದರು. ನನಗೆ ಅನ್ನಿಸಿದ್ದು ಬೇರೆ. ಅದು ನಿಲ್ಲುವುದೇ ಇಲ್ಲ, ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣಗೆ ತೂಗುತ್ತಲೇ ಇರುತ್ತದೆ. ಎಲ್ಲರೂ ನಗುತ್ತಾರೆಂದು ಹೇಳಲಿಲ್ಲ.

ಸರಿಯೋ ತಪ್ಪೋ ನನಗಿನ್ನೂ ಗೊತ್ತಿಲ್ಲ. ನೀವು ಏನಂತೀರಿ?

ನಿಮ್ಮ
ಬಿಂದುಶ್ರೀ